ದೀಪಾವಳಿಯ ಎಣ್ಣೆ

ಮೂರನೇ ಸಲ ಕೀಲಿ ತಿರುಗಿಸಿದಾಗಲೂ ವ್ಯಾನು ಗೊರಗೊರ ಸದ್ದು ಮಾಡಿ ಸುಮ್ಮನಾಯಿತು. ಮುಂದಿನ ಗಾಜಿನ ತುಂಬ ಹಿಮ ಕಟ್ಟಿತ್ತು. ಆಚೆ ಏನೂ ಕಾಣುತ್ತಿರಲಿಲ್ಲ. ಶರ್ವಾಣಿ ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು. ಗಂಡ ಇಂದುಶೇಖರನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಲಫ್‌ಬರೋದ ಆ ಬೀದಿಗೆ ಕಸದ ಲಾರಿ ಎಂದಿನ ಹೊತ್ತಿಗೇ ಬಂದು ಹೋಗಿತ್ತು.

ಅಕ್ಕ ಚಂದ್ರಿಕಾ ಶಾಲು ಹೊದ್ದು ಬಾಗಿಲಿಗೆ ಬಂದಳು. ಸೊಲಿಹಲ್‌ನಲ್ಲಿ ಡಾಕ್ಟರಾಗಿದ್ದವಳು ರಜೆ ಹಾಕಿ ತಂಗಿಯ ಜೊತೆ ಉಳಿದಿದ್ದಳು.

"ಒಳಗೆ ಬಾರೆ ಶರೂ. ರಿಕವರಿ ಟ್ರಕ್ ಕರೆಸೋಣ. ಅವರೇ ಎಳ್ಕೊಂಡು ಹೋಗಿ ಡರ್ಬಿಲಿ ಬಿಡ್ತಾರೆ."

"ಎಳೆಸ್ಕೊಂಡು ಹೋಗೋ ಹಾಗಿಲ್ಲ ಅಕ್ಕ. ಓಡಿಸ್ಕೊಂಡೇ ಹೋಗ್ಬೇಕು."

ವ್ಯಾನು ಗುರುಸಿದ್ದಪ್ಪನದು. ಅವನೂ ಅವನ ಹೆಂಡತಿ ಉಮಾಳೂ ಡರ್ಬಿಯ ತಮ್ಮ ಮನೆಯಲ್ಲಿ ರೊಟ್ಟಿ ಊಟ ತಯಾರಿಸಿ, ವಿಮಾನದ ಎಂಜಿನ್ ಕಾರ್ಖಾನೆಯ ಹುಡುಗರಿಗೆ ಸಂಜೆ ಡಬ್ಬಿ ತಲುಪಿಸುತ್ತಿದ್ದರು. 'ಡಾಲ್ಡಾ ಬಳಸುವುದಿಲ್ಲ' ಎಂದು ಪ್ರತಿ ಡಬ್ಬಿಯ ಮೇಲೆ ಚೀಟಿ ಅಂಟಿಸಿರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಇಂಧನದ ಮೇಲೆ ಸಂಶೋಧನೆ ಮಾಡುತ್ತಿದ್ದ ಇಂದುಶೇಖರ, ಆ ದಂಪತಿ ಕರಿದು ಬಿಟ್ಟ ಎಣ್ಣೆ ತಂದು, ಹಿತ್ತಿಲ ಶೆಡ್ಡಿನಲ್ಲಿ ಬಯೋಡೀಸೆಲ್ ಮಾಡುತ್ತಿದ್ದ. ಕ್ರಿಸ್‌ಮಸ್ಸಿಗೆ ಗಂಡ ಹೆಂಡತಿ ಗದಗಿಗೆ ಹೊರಟಾಗ ವ್ಯಾನು ಕೇಳಿ ಇಸಿದುಕೊಂಡಿದ್ದ. "ನಿಮ್ಮ ಎಣ್ಣೇಲೇ ಚಳಿಗಾಲ ದಾಟಿಸ್ತೀನಿ. ಮೈನಸ್ ಐದಕ್ಕೂ ಸ್ಟಾರ್ಟ್ ಆಗುತ್ತೆ, ಬೇಕಾದ್ರೆ ಪಂದ್ಯ," ಎಂದಿದ್ದ. ಕೊನೆಯ ಸಲ ಟ್ಯಾಂಕು ತುಂಬಿಸಿದ ವಾರವೇ ಲ್ಯಾಬಿನ ಮೆಟ್ಟಿಲ ಮೇಲೆ ಅವನ ಎದೆಬಡಿತ ನಿಂತಿತು.

ಊರಿಂದ ಮರಳಿದ ಗಂಡ ಹೆಂಡತಿ ಅಂತ್ಯಕ್ರಿಯೆಗೆ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋದರು. ವ್ಯಾನಿನ ಮಾತೆತ್ತಲಿಲ್ಲ. ಉಮಾ ದಿನವೂ ಬಸ್ಸಿನಲ್ಲೇ ಡಬ್ಬಿ ಹೊರುತ್ತಿದ್ದಾಳೆಂದು ನಿನ್ನೆ ಯಾರೋ ಹೇಳಿದ್ದರು.

"ಮೈನಸ್ ನಾಲ್ಕು ಇತ್ತು ರಾತ್ರಿ. ಎಣ್ಣೆ ಗಟ್ಟಿಯಾಗಿರುತ್ತೆ ಕಣೆ," ಎಂದಳು ಚಂದ್ರಿಕಾ. ಡಾಕ್ಟರುಗಳ ಮನೆಯ ಊಟಗಳಲ್ಲಿ ಇಂದುಶೇಖರನ ಪ್ರಯೋಗಕ್ಕೆ 'ಬಜ್ಜಿ ಗಾಡಿ' ಎಂದು ಹೆಸರಿಟ್ಟವಳು ಅವಳೇ. ಈಗ ದನಿ ತಗ್ಗಿಸಿದಳು. "ಒಂದು ಲೆಕ್ಕ ತಪ್ಪಿರಬಹುದು. ಅದರಲ್ಲೇನಿದೆ?"

ಶರ್ವಾಣಿ ಶೆಡ್ಡಿಗೆ ನಡೆದಳು. ಅಕ್ಕನ ಆ ಮಾತನ್ನು ನಾಳೆ ಎಲ್ಲರೂ ಆಡುತ್ತಾರೆ, ಇಷ್ಟೇ ಮೆಲ್ಲಗೆ.

ಕಿಟಕಿಯ ಬಳಿ ಅವನ ಮಾದರಿ ಸೀಸೆಗಳಿದ್ದವು, ಪ್ರತಿ ಸಲ ಮಾಡಿದ್ದರಲ್ಲಿ ಒಂದೊಂದು. ಆಗಸ್ಟಿನದನ್ನು ಓರೆ ಮಾಡಿದಳು. ಹೊಂಬಣ್ಣದ ದ್ರವ ಒಂದು ಬದಿಗೆ ಹರಿಯಿತು. ಅಕ್ಟೋಬರಿನದೂ ಹರಿಯಿತು. ಕೊನೆಯ ಸಲ ಟ್ಯಾಂಕಿಗೆ ತುಂಬಿಸಿದ್ದರ ಸೀಸೆ, 'ದೀಪಾವಳಿ' ಎಂದು ಬರೆದದ್ದು, ತುಪ್ಪದಂತೆ ಬೆಳ್ಳಗೆ ಗಟ್ಟಿಯಾಗಿತ್ತು. ತಲೆಕೆಳಗು ಮಾಡಿದರೂ ಕದಲಲಿಲ್ಲ. ಅದೇ ಕೈ, ಅದೇ ಶೆಡ್ಡು. ಬೇರೆಯಾಗಿದ್ದದ್ದು ಎಣ್ಣೆ ಮಾತ್ರ. ಜೀವರಸಾಯನ ಓದಿದವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಮಾ ಕಳಿಸಿದ್ದ ದೀಪಾವಳಿಯ ಚಕ್ಕುಲಿ ಬಾಯಲ್ಲಿ ಕರಗಿದ ಮೇಲೆ ಅಂಗುಳಕ್ಕೆ ತೆಳ್ಳಗೆ ಮೆತ್ತಿಕೊಂಡದ್ದು ಅವಳಿಗೆ ನೆನಪಾಯಿತು.

ಸೀಸೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ಆಮೇಲೆ ಒಂದು ಗಳಿಗೆಯೂ ಕೂರಲಿಲ್ಲ. ಚಳಿಗೆ ಇಂಧನ ಮೇಣದಂತಾಗಿ ಮೊದಲು ಕಟ್ಟುವುದು ಫಿಲ್ಟರಿನಲ್ಲಿ ಎಂದು ಅವನು ಊಟದ ನಡುವೆ ಎಷ್ಟೋ ಸಲ ಹೇಳಿದ್ದ. ಅವಳು ಸಾರು ಬಡಿಸುತ್ತ ಹೂಂಗುಟ್ಟಿದ್ದಳು. ಬಾನೆಟ್ ಎತ್ತಿ, ಬಿಸಿನೀರಿನ ರಬ್ಬರ್ ಚೀಲವನ್ನು ಫಿಲ್ಟರಿಗೆ ಒತ್ತಿ, ಮೇಲೆ ಅವನ ಮಫ್ಲರ್ ಸುತ್ತಿದಳು. ಆರಿದಂತೆ ನೀರು ಬದಲಿಸಿದಳು. ಚಂದ್ರಿಕಾ ಬಂಕಿನಿಂದ ಚಳಿಗಾಲದ ಡೀಸೆಲ್ ಕ್ಯಾನಿನಲ್ಲಿ ತಂದಳು; ಇಬ್ಬರೂ ಸೇರಿ ಟ್ಯಾಂಕಿಗೆ ಸುರಿದರು. ಬಿಸಿಲು ವ್ಯಾನಿನ ಮೇಲೆ ಬಿದ್ದು ಹಿಮ ತೊಟ್ಟಿಕ್ಕತೊಡಗಿತು. ಮಧ್ಯಾಹ್ನ ಕೀಲಿ ತಿರುಗಿಸಿದಾಗ ಎಂಜಿನ್ ಕೆಮ್ಮಿತು, ನಡುಗಿತು, ಹಿಡಿದುಕೊಂಡಿತು.

ಡರ್ಬಿಯವರೆಗೆ ಅವಳು ಆ ಸದ್ದನ್ನೇ ಕೇಳುತ್ತ ಓಡಿಸಿದಳು. ಅಕ್ಕನ ಕಾರು ಹಿಂದೆ ಬರುತ್ತಿತ್ತು.

ಗುರುಸಿದ್ದಪ್ಪ ಚಪ್ಪಲಿಯಲ್ಲೇ ಹೊರಗೆ ಓಡಿಬಂದ. "ನೀವ್ಯಾಕ ತರಾಕ ಹೋದ್ರಿ ತಂಗಿ? ನಾನ ಬಂದು ಒಯ್ತಿದ್ನಲ್ರೀ. ಬರ್ರಿ, ಒಳಗ ಬರ್ರಿ."

ಶರ್ವಾಣಿ ಹೊಸ್ತಿಲ ಆಚೆಯೇ ನಿಂತಳು. "ಸೂತಕ ಇದೆ. ಇಲ್ಲೇ ಇರ್ತೀನಿ."

"ನಮ್ಮೊಳಗ ಸೂತಕ ಇಲ್ರಿ. ಸುಮ್ಮ ಬರ್ರಿ," ಎಂದು ಒಳಗಿನಿಂದ ಉಮಾ ಕರೆದಳು.

ಗುರುಸಿದ್ದಪ್ಪ ವ್ಯಾನಿನ ಕಡೆ ನೋಡಿದ. ಕೇಳಬೇಕೋ ಬೇಡವೋ ಎಂದು ತುಸು ತಡೆದ. "ಮುಂಜಾನೆ ಥಂಡಿಗೆ... ಚಾಲೂ ಆತೇನ್ರಿ?"

"ಇಲ್ಲ. ಆಗ್ಲಿಲ್ಲ."

"ಇರ್ಲಿ ಬಿಡ್ರಿ," ಎಂದ ಅವನು ತಕ್ಷಣ. "ಎಷ್ಟು ಶಾಣ್ಯಾ ಇದ್ರೂ ಒಮ್ಮೊಮ್ಮೆ ಲೆಕ್ಕ ತಪ್ಪತದ."

ಜೇಬಿನೊಳಗೆ ಅವಳ ಬೆರಳು ಸೀಸೆಯ ಸುತ್ತ ಬಿಗಿಯಾಯಿತು. ನೇರ ಅಡುಗೆಮನೆಗೆ ಹೋದಳು. ಉಮಾ ಚಹಾ ಸೋಸುತ್ತಿದ್ದಳು. ಡಬ್ಬಿಯ ಚೀಲಗಳು ನೆಲದ ಮೇಲಿದ್ದವು. ಚೀಲದ ಹಿಡಿ ಕೊರೆದ ಕೆಂಪು ಗೆರೆ ಅವಳ ಅಂಗೈ ಮೇಲಿತ್ತು. ಶರ್ವಾಣಿ ಸೀಸೆಯನ್ನು ಒಲೆಯ ಪಕ್ಕ ಇಟ್ಟಳು.

ಉಮಾ ಅದರ ಮೇಲಿನ ಅಕ್ಷರ ಓದಿದಳು. ಚಹಾ ಸೋಸುವುದು ನಿಂತಿತು.

"ಆರ್ಡರ್ ಭಾಳ ಇದ್ವು," ಎಂದಳು. "ಎಣ್ಣಿ ಸಾಲಲಿಲ್ಲ. ಡಾಲ್ಡಾ ಬೆರಸಿದೆ. ಇವರಿಗೂ ಹೇಳಿಲ್ಲ, ಸರ್‌ಗೂ ಹೇಳಿಲ್ಲ. ಎಣ್ಣಿಯೊಳಗ ಏನದ, ಎಲ್ಲಾ ಒಂದ ಅಂತ ಮಾಡಿದ್ದೆ."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಶರ್ವಾಣಿಯ ಬಾಯಲ್ಲೇ ಇತ್ತು. ಅವಳು ಸೀಸೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡಳು.

"ಚಕ್ಕುಲಿ ಚೆನ್ನಾಗಿತ್ತು ಉಮಕ್ಕ. ಇಂದುಶೇಖರ ಒಬ್ಬನೇ ಡಬ್ಬಿ ಖಾಲಿ ಮಾಡಿದ್ದ."

ಹೊರಗೆ ಗುರುಸಿದ್ದಪ್ಪ ಡಬ್ಬಿಗಳನ್ನು ವ್ಯಾನಿಗೆ ತುಂಬುತ್ತಿದ್ದ. ವ್ಯಾನಿನ ಕೀಲಿ ಇಂದುಶೇಖರನ ಗೊಂಚಲಿನಲ್ಲಿ, ಮನೆಯ ಕೀಲಿಯ ಜೊತೆ ಇತ್ತು. ಗೊಂಚಲಿನ ರಿಂಗು ಬಿಗಿಯಾಗಿತ್ತು; ಶರ್ವಾಣಿ ಉಗುರಿನಿಂದ ಬಿಡಿಸಲು ಹೆಣಗುತ್ತಿದ್ದಾಗ ಉಮಾ ಬಾಗಿಲಿಗೆ ಬಂದಳು.

"ಏನ್ರೀ. ಸರ್ ಲೆಕ್ಕ ತಪ್ಪಿದ್ದಿಲ್ಲ. ದೀಪಾವಳ್ಯಾಗ ನಾ ಡಾಲ್ಡಾ ಹಾಕಿದ್ದೆ."

ಗುರುಸಿದ್ದಪ್ಪ ಕೈಯಲ್ಲಿದ್ದ ಡಬ್ಬಿಯ ಚೀಟಿಯನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ. ಮುಖ ಕೆಂಪಾಯಿತು. ಡಬ್ಬಿಯನ್ನು ವ್ಯಾನಿನೊಳಗಿಟ್ಟು ಅದರ ಬಾಗಿಲು ಹಾಕಿದ.

"ಹಂಗಾದ್ರ," ಎಂದ ಕಡೆಗೆ, "ಪಂದ್ಯ ಸರ್ ಗೆದ್ದಂಗಾತು."

ಕೀಲಿ ಬಿಟ್ಟುಕೊಂಡಿತು. ಶರ್ವಾಣಿ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ವ್ಯಾನು ಮುಂದೆ ಹೊರಟಿತು. ಅಕ್ಕತಂಗಿಯರ ಕಾರು ಹಿಂದೆ. ವ್ಯಾನಿನ ಹೊಗೆಯಿಂದ ಬೀದಿಯ ತುಂಬ ಕರಿದ ಚಕ್ಕುಲಿಯ ವಾಸನೆ. ಚಂದ್ರಿಕಾ ಮೂಗು ಮುಚ್ಚಿಕೊಳ್ಳಲಿಲ್ಲ, ತನ್ನ ಬದಿಯ ಗಾಜು ಇಳಿಸಿದಳು. ಶರ್ವಾಣಿಯೂ ಇಳಿಸಿದಳು. ಥಂಡಿ ಒಳಗೆ ನುಗ್ಗಿ ಕಿವಿ ಕೊರೆಯಿತು. ದೊಡ್ಡ ರಸ್ತೆಯಲ್ಲಿ ವ್ಯಾನು ಎಡಕ್ಕೆ ತಿರುಗಿ ಮರೆಯಾಯಿತು, ಇವರು ಬಲಕ್ಕೆ ಹೊರಳಿದರು. ಊರು ದಾಟುವವರೆಗೂ ಇಬ್ಬರಲ್ಲಿ ಯಾರೂ ಗಾಜು ಏರಿಸಲಿಲ್ಲ.