ಬೆಣ್ಣೆಯ ಮೂಲೆ

ಮಾವಿನಹಣ್ಣಿನ ಡಬ್ಬದೊಳಗೆ ಮೊಲವನ್ನು ಕೂರಿಸಿ, ಮೇಲೊಂದು ಹಳೇ ಟವಲು ಹೊದಿಸಿ, ಜಯಸಿಂಹ ಕಾರಿನ ಕೀಲಿಗಾಗಿ ತಡಕಾಡುತ್ತಿದ್ದರು. ಕೀಲಿ ಹೆಂಡತಿ ತುಂಗಾ ಅವರ ಮುಷ್ಟಿಯಲ್ಲಿತ್ತು. ಆಕೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದರು.

"ಕೊಡೇ ಇಲ್ಲಿ. ಹೆಬ್ಬಾಳ ಕೆರೆ ಹತ್ರ ಬಿಟ್ಟು ಬಂದ್ಬಿಡ್ತೀನಿ. ಹುಲ್ಲಿದೆ, ನೀರಿದೆ, ಹಾಯಾಗಿರುತ್ತೆ."

"ಹಾಯಾಗಿರೋದು ಬೀದಿನಾಯಿಗಳಿಗೆ! ಮನೇಲಿ ಬೆಳೆದ ಮೊಲ ಕಣ್ರೀ ಇದು. ಒಂದು ರಾತ್ರಿ ಉಳಿಯಲ್ಲ."

"ಓಹೋ! ನಿನ್ನೆವರೆಗೂ ಎಲ್ಲಾದ್ರೂ ಬಿಟ್ಟು ಬನ್ನಿ ಅಂತ ನನ್ನ ತಲೆ ತಿಂದೋಳು ನೀನೇ ಅಲ್ವಾ?"

ಅದು ನಿಜ. ಮೊಮ್ಮಗಳು ಸಂಹಿತಾಳ ಹುಟ್ಟುಹಬ್ಬಕ್ಕೆ ಮಗ ತಂದುಕೊಟ್ಟ ಈ ಬೆಣ್ಣೆ ಎಂಬ ಮೊಲ ಕೆಂಪಾಪುರದ ಫ್ಲಾಟಿಗೆ ಕಾಲಿಟ್ಟಾಗಿನಿಂದ ತುಂಗಾ ಅವರ ಮಡಿಯೆಲ್ಲ ಎಕ್ಕುಟ್ಟಿಹೋಗಿತ್ತು. ಟಿವಿ ಪಕ್ಕದ ಮೂಲೆಯಲ್ಲಿ ಉಚ್ಚೆ, ಸೋಫಾ ಕೆಳಗೆಲ್ಲ ಹಿಕ್ಕೆ. ಬಾಲ್ಕನಿಯಲ್ಲಿ ಅದಕ್ಕೆಂದೇ ಇಟ್ಟ ಟ್ರೇಯನ್ನು ಆಕೆ ದಿನಾ ಫಿನಾಯಿಲ್ ಹಾಕಿ, ಬಿಸಿನೀರು ಸುರಿದು, ಪೂಜೆ ಪಾತ್ರೆಯ ಹಾಗೆ ಬೆಳಗಿಡುತ್ತಿದ್ದರು. ಮೊದಲೆರಡು ದಿನ ಬಿಟ್ಟರೆ ಮೊಲ ಅತ್ತ ತಲೆಯನ್ನೂ ಹಾಕುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿ ಪೊರಕೆಯಲ್ಲಿ ಎರಡೇಟು ಬಿಗಿದದ್ದೂ ಉಂಟು.

ಇವತ್ತು ಬೆಳಿಗ್ಗೆ ಮೊಲದ ಉಗುರು ಕತ್ತರಿಸಿಕೊಂಡು ಬರಲು ಹೋದಾಗ ಪಶುವೈದ್ಯೆ ಪ್ರತಿಭಾ ಎಲ್ಲ ಕೇಳಿ ನಕ್ಕುಬಿಟ್ಟಿದ್ದರು. "ಅಮ್ಮಾ, ಮೊಲ ತನ್ನ ಜಾಗಾನ ವಾಸನೇಲಿ ಗುರುತು ಹಿಡಿಯುತ್ತೆ. ನೀವು ದಿನಾ ಆ ಗುರುತನ್ನೇ ತೊಳೆದುಹಾಕಿ, ಆಮೇಲೆ ತಪ್ಪು ಮಾಡ್ತು ಅಂತ ಹೊಡೀತೀರಲ್ಲ!" ಆ ಮಾತು ತುಂಗಾ ಅವರಿಗೆ ಚುರುಕ್ಕೆಂದಿತ್ತು.

"ತಪ್ಪು ನಂದು," ಎಂದರು ಈಗ ಗಂಡನಿಗೆ. "ಶಿಕ್ಷೆ ಅದಕ್ಯಾಕೆ? ಇನ್ಮೇಲೆ ಟ್ರೇ ಅದು ಆರಿಸ್ಕೊಂಡ ಮೂಲೇಲೇ ಇರುತ್ತೆ. ಒಳಗೆ ಒಣಹುಲ್ಲು, ಅದರ ಉಚ್ಚೇಲಿ ಒದ್ದೆಯಾದ ಪೇಪರ್ ಚೂರು. ತಾನೇ ಕಲಿಯುತ್ತೆ."

"ಹಾಲ್‌ನಲ್ಲಾ? ನಾನು ಪೇಪರ್ ಓದೋ ಜಾಗದಲ್ಲಿ? ಬೆಳಗಾಗೆದ್ದು ಆ ನಾತ ಕುಡ್ಕೊಂಡು ಕೂತಿರ್ಬೇಕಾ? ನನ್ನ ಮನೇಲಿ ನಂಗೂ ಒಂಚೂರು ನೆಮ್ಮದಿ ಬೇಡ್ವೇನೇ?"

"ಬೇಕು. ಕುರ್ಚಿ ಆ ಕಡೆ ಹಾಕ್ಕೊಳ್ಳಿ."

ಜಯಸಿಂಹ ದನಿ ತಗ್ಗಿಸಿದರು. "ಸಂಹಿತಾ ಕೇಳಿದ್ರೆ ಓಡಿಹೋಯ್ತು ಅಂದ್ರಾಯ್ತು. ಮಕ್ಕಳು ಎಷ್ಟು ದಿನ ಅಂತ ನೆನಪಿಟ್ಕೋತಾರೆ?"

ತುಂಗಾ ಅವರಿಗೆ ಮೈ ಉರಿಯಿತು. "ಆ ಸುಳ್ಳು ನನ್ನ ಬಾಯಲ್ಲಿ ಬರಲ್ಲ. ಅವಳು ಸ್ಕೂಲಿಂದ ಬರ್ಲಿ. ಅವಳ ಕಣ್ಣೆದುರಿಗೇ ತಗೊಂಡು ಹೋಗಿ. ಧೈರ್ಯ ಇದ್ಯಾ?"

ಕುರ್ಚಿ ಬಿಟ್ಟು ಆಕೆ ಅಲ್ಲಾಡಲಿಲ್ಲ. ಕೆಳಗೆ ಸ್ಕೂಲ್ ವ್ಯಾನಿನ ಹಾರನ್ ಕೇಳಿದ ಮೇಲೇ ಎದ್ದು ಬಾಗಿಲು ತೆರೆದರು.

"ತಾತಾ, ಡಬ್ಬದಲ್ಲೇನು?" ಒಂದನೇ ಕ್ಲಾಸಿನ ಸಂಹಿತಾ ಬಂದವಳೇ ಕೇಳಿದಳು.

ಜಯಸಿಂಹ ಹೆಂಡತಿಯ ಮುಖ ನೋಡಿದರು.

"ಬೆಣ್ಣೆ ಕಣಮ್ಮಾ," ಎಂದರು ಕೊನೆಗೆ. "ಕಂಡಕಂಡಲ್ಲಿ ಉಚ್ಚೆ ಮಾಡುತ್ತಲ್ಲ... ಕೆರೆ ಹತ್ರ ಬಿಟ್ಟು ಬರೋಣ ಅಂತ."

ಹುಡುಗಿ ಅಳಲಿಲ್ಲ. ಬೆನ್ನ ಮೇಲಿನ ಬ್ಯಾಗನ್ನೂ ಇಳಿಸದೆ ಡಬ್ಬದ ಪಕ್ಕ ಕೂತಳು.

"ನಾನೂ ಒಂದೊಂದ್ಸಲ ಹಾಸಿಗೇಲಿ ಮಾಡ್ತೀನಲ್ಲಾ ತಾತಾ. ನನ್ನನ್ನ ಯಾವಾಗ ಬಿಟ್ಟು ಬರ್ತೀರಾ?"

"ಅಯ್ಯೋ, ಬಿಡ್ತು ಅನ್ನು! ಎಂಥಾ ಮಾತಾಡ್ತೀಯೇ..." ಜಯಸಿಂಹ ನೆಲದ ಮೇಲೆ ಕೂತು, ಟವಲು ಸರಿಸಿ, ಮೊಲವನ್ನು ಎರಡೂ ಕೈಯಲ್ಲಿ ಎತ್ತಿ ಮೊಮ್ಮಗಳ ಮಡಿಲಿಗೆ ಹಾಕಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಬಾಲ್ಕನಿಗೆ ಹೋಗಿ, ಟ್ರೇಯನ್ನು ತಾವೇ ಒಳಗೆ ತಂದು ಟಿವಿ ಪಕ್ಕದ ಮೂಲೆಯಲ್ಲಿಟ್ಟರು.