ಹಳೆಯ ಮಳೆಯ ಬಿಸಿನೀರು

ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಯನ್ನು ನೋಡಿಕೊಳ್ಳುತ್ತಿದ್ದ ಅತ್ತಿಗೆಗೆ ಕೆಲವು ವಾರಗಳಿಂದ ಕೊಳದ ನೀರಿನದೇ ಚಿಂತೆಯಾಗಿತ್ತು. ಮೈದುನ ತನ್ನ ಹೂವಿನ ಗಾಜಿನಮನೆಯನ್ನು ಬೆಚ್ಚಗಿಡಲೆಂದು ಕೆಳಗಿನ ಬಯಲಿನಲ್ಲಿ ಕೊಳವೆಬಾವಿ ಕೊರೆಸಿ ಬಿಸಿನೀರು ಎತ್ತತೊಡಗಿದಂದಿನಿಂದ ಅವಳ ಕೊಳ ನಾಲ್ಕು ಬೆರಳು ಇಳಿದಿತ್ತು.

"ಕೆರೆ ಬತ್ತಿದ್ರೂ ನಾನೇ ಕಾರಣ, ಕೋಳಿ ಕೂಗದಿದ್ರೂ ನಾನೇ ಕಾರಣ! ನನ್ನ ನೀರು ಬೇರೆ, ನಿನ್ನ ನೀರು ಬೇರೆ ಅತ್ತಿಗೆ," ಎಂದು, ಅವಳು ದೂರಿದಾಗಲೆಲ್ಲ ಅವನು ನಗುತ್ತಿದ್ದ.

ಕೊನೆಗೆ ಇಬ್ಬರೂ ಒಪ್ಪಿ ನೀರು ಪರೀಕ್ಷಿಸುವ ಹೆಂಗಸನ್ನು ಕರೆಸಿದರು. ಅವಳು ಬುಗ್ಗೆಯ ಬಾಯಲ್ಲೊಂದು, ಕೊಳವೆಯ ಬಾಯಲ್ಲೊಂದು ಸೀಸೆ ತುಂಬಿಸಿಕೊಂಡು ಹೋದಳು. ತಿಂಗಳ ನಂತರ ಫಲಿತಾಂಶ ಹಿಡಿದು ಬಂದು ಕೊಳದ ಕಟ್ಟೆಯ ಮೇಲೆ ಕೂತಳು.

"ಎರಡರಲ್ಲೂ ಅದೇ ಉಪ್ಪು, ಕರಗಿರೋ ಅದೇ ಕಲ್ಲು. ನೀರು ಒಂದೇ. ಸುಮಾರು ಎಂಟು ಸಾವಿರ ವರ್ಷದ ಹಿಂದೆ ಆ ಬೆಟ್ಟದ ಮೇಲೆ ಬಿದ್ದ ಮಳೆ ಇದು. ಇಳೀತಾ ಇಳೀತಾ ಭೂಮಿಯ ಬಿಸಿ ಮುಟ್ಟಿ, ಈಗ ಮೇಲೆ ಬಂದಿದೆ."

ಮೈದುನನ ನಗು ನಿಂತಿತು. "ಖಾಲಿ ಆದ್ರೆ, ಮತ್ತೆ ತುಂಬೋಕೆ ಎಷ್ಟು ದಿನ ಬೇಕು?"

"ನಿನ್ನೆ ಬಿದ್ದ ಮಳೆ ಇಲ್ಲಿಗೆ ಬರೋಕೆ ಇನ್ನೂ ಅಷ್ಟೇ ವರ್ಷ ಬೇಕು."

ಮೂವರೂ ಹಬೆಯನ್ನೇ ನೋಡಿದರು. ಊರೇ ಇಲ್ಲದಿದ್ದ ಕಾಲದ ಮೋಡವೊಂದು ಅವರ ಮುಖಕ್ಕೆ ಉಸಿರು ಬಿಡುತ್ತಿತ್ತು. ಅತ್ತಿಗೆ ನೀರಿಗೆ ಇಳಿಬಿಟ್ಟಿದ್ದ ಕಾಲನ್ನು ಮೆಲ್ಲಗೆ ಮೇಲೆಳೆದುಕೊಂಡು ಕೈಮುಗಿದಳು.

"ಇಷ್ಟು ಹಿರಿಯರ ಮುಂದೆ ಜಗಳ ಆಡಿದ್ವಲ್ಲೋ," ಎಂದಳು.

ಮೈದುನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಬಯಲಿಗಿಳಿದು ಹೋಗಿ, ಕೊಳವೆಯ ಬಾಯಿ ಮುಚ್ಚುವ ಗಾಲಿ ತಿರುಗಿಸಿ ನೀರು ನಿಲ್ಲಿಸಿದ.