ಮೆಟ್ಟಿಲ ಬಳಿಯ ಹದಿನೆಂಟು ಡಿಗ್ರಿ

ಬೆಳಗಿನ ಜಾವ ಮರೆತುಬಂದ ಕಾಫಿ ಫ್ಲಾಸ್ಕಿಗಾಗಿ ಬೋದಿಲ್ ಒಂಬತ್ತು ಗಂಟೆಗೆ ಮತ್ತೆ ಈಜುಕಟ್ಟೆಗೆ ಬಂದಳು. ಫ್ಲಾಸ್ಕ್ ಬೆಂಚಿನ ಮೇಲೆಯೇ ಇತ್ತು. ಅದರ ಪಕ್ಕದಲ್ಲಿ ಮಡಿಚಿಟ್ಟ ನೀಲಿ ನಿಲುವಂಗಿ, ಕೆಳಗೆ ಒಂದು ಜೊತೆ ಮರದ ಮೆಟ್ಟು. ಎರಡೂ ಸಿಗ್ನೆಯವು.

ಸಿಗ್ನೆ ಅವಳ ಗಂಡನ ಅಕ್ಕ. ಅರವತ್ತೆಂಟು ವಯಸ್ಸು. ಚಳಿಗಾಲದಲ್ಲಿ ಐಸು ಕೊರೆದು ಮುಳುಗುವವರಿಗೆಲ್ಲ ಗುರು. ವೆಟ್ಟರ್ನ್ ಸರೋವರದ ಈ ದಡದಲ್ಲಿ ಈಜಿನ ನಿಯಮಗಳನ್ನು ಬರೆದವಳೇ ಅವಳು. ನೀರು ಹದಿನೈದು ಡಿಗ್ರಿಗಿಂತ ಕಡಿಮೆಯಿದ್ದರೆ, ಅಲೆ ತಡೆಯಲು ನೀರಿನೊಳಕ್ಕೆ ಚಾಚಿ ಕಟ್ಟಿದ ಕಲ್ಲಿನ ಗೋಡೆಯ ಒಳಗೇ ಈಜುತ್ತಿದ್ದಳು. ಹೆಚ್ಚಿದ್ದರೆ ಗೋಡೆಯ ತುದಿ ಸುತ್ತಿ, ಮುನ್ನೂರು ಮೀಟರ್ ಆಚೆಯ ಹಳದಿ ಕಂಬ ಮುಟ್ಟಿ ಬರುತ್ತಿದ್ದಳು. ನೀರಿಗೆ ಕಾಲು ಅದ್ದಿ ನೋಡುವ ಪದ್ಧತಿ ಅವಳಿಗಿರಲಿಲ್ಲ. ‘ಅದು ಪಟ್ಟಣದವರ ಚಾಳಿ’ ಎಂದು ಬೋದಿಲ್ ಕಡೆ ನೋಡಿಯೇ ಹೇಳುತ್ತಿದ್ದಳು. ಬೋದಿಲ್ ಈ ಊರಿಗೆ ಬಂದು ಮೂವತ್ತು ವರ್ಷವಾಗಿತ್ತು. ಸಿಗ್ನೆ ನಂಬುತ್ತಿದ್ದದ್ದು ದಿನದಿನದ ನೀರಿನ ಉಷ್ಣತೆ ಬರೆಯುವ ಕಟ್ಟೆಯ ಬೋರ್ಡನ್ನು ಮಾತ್ರ.

ಬೋರ್ಡಿನಲ್ಲಿ ಬೋದಿಲ್‌ಳದೇ ಅಕ್ಷರದಲ್ಲಿ ಹದಿನೆಂಟು ಎಂದಿತ್ತು.

ಆ ವಾರ ಅಳೆಯುವ ಸರದಿ ಅವಳದು. ಗೋಡೆಯ ತುದಿಗೆ ಹೋಗಿ, ಹಗ್ಗದ ಕೆಂಪು ಗಂಟು ಮುಳುಗುವವರೆಗೆ ಥರ್ಮಾಮೀಟರ್ ಇಳಿಬಿಟ್ಟು, ಮೂರು ನಿಮಿಷ ಕಾಯಬೇಕು. ಎರಡು ದಿನದಿಂದ ಪಡುವಣ ಗಾಳಿ ಬೀಸುತ್ತಿತ್ತು. ತುದಿಯ ಕಲ್ಲುಗಳ ಮೇಲೆ ನೀರು ಹಾರುತ್ತಿತ್ತು. ಅವಳ ಶೂ ಹೊಸದು. ಆ ಬೆಳಗಿನ ಜಾವ ಗೋಡೆಯ ಒಳಬದಿಯ ಮೆಟ್ಟಿಲ ಮೇಲೆ ನಿಂತು ಥರ್ಮಾಮೀಟರ್ ಅದ್ದಿದ್ದಳು. ಹದಿನೆಂಟು ತೋರಿಸಿತು. ಬರೆದಳು. ಸುಳ್ಳೇನೂ ಬರೆದಿರಲಿಲ್ಲ.

ಸಿಗ್ನೆ ಎಲ್ಲಿಯವರೆಗೆ ಹೋಗಿದ್ದಾಳೆಂದು ನೋಡಲು ಬೋದಿಲ್ ಈಗ ತುದಿಗೆ ನಡೆದಳು. ಒಂದು ಅಲೆ ಬಂದು ಮೊಣಕಾಲಿನವರೆಗೆ ಹೊಡೆಯಿತು. ಮೂಳೆಗೆ ಚಾಕು ಹಾಕಿದಂತಾಯಿತು. ಫ್ಲಾಸ್ಕ್ ಕೈಜಾರಿ ಕಲ್ಲುಗಳ ನಡುವೆ ಬಿತ್ತು.

ನೀರು ತಿರುಗಿತ್ತು. ಈ ದಡದಿಂದ ಆಚೆಗೆ ಬೀಸುವ ಗಾಳಿ ಮೇಲಿನ ಬೆಚ್ಚನೆಯ ನೀರನ್ನೆಲ್ಲ ಎದುರು ದಡಕ್ಕೆ ತಳ್ಳಿಬಿಡುತ್ತದೆ. ತಳದ ಕಪ್ಪು ನೀರು ಮೇಲೇಳುತ್ತದೆ. ಜುಲೈ ತಿಂಗಳು, ನಡುಬೇಸಿಗೆ ಎಂದು ಅದು ನೋಡುವುದಿಲ್ಲ. ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಬೋದಿಲ್‌ಗೂ ಗೊತ್ತಿತ್ತು. ಗೋಡೆಯ ಒಳಗೆ ಮಾತ್ರ ಬೆಚ್ಚನೆಯ ನೀರು ತೊಟ್ಟಿಯಲ್ಲಿ ನಿಂತ ಹಾಗೆ ನಿಂತಿತ್ತು.

ಅವಳು ಕಂಬದ ಕಡೆ ನೋಡಿದಳು. ಸಿಗ್ನೆಯ ಈಜುಟೋಪಿ ಬಿಳಿ. ಪ್ರತಿ ಅಲೆಯ ತಲೆಯೂ ಬಿಳಿ. ನೂರು ತಲೆ ಏಳುತ್ತಿದ್ದವು, ನೂರೂ ಮುಳುಗುತ್ತಿದ್ದವು.

ದೋಣಿಮನೆಯ ಮುಂದೆ ಮುದುಕ ತುರೆ ದೋಣಿಯ ಬಣ್ಣ ಕೆರೆಯುತ್ತಿದ್ದ. ಮೀನು ಹಿಡಿದೇ ಬದುಕು ಕಳೆದವನು.

“ತುರೆ! ಸಿಗ್ನೆ ನೀರಲ್ಲಿದ್ದಾಳೆ!”

“ದಿನಾ ಇರ್ತಾಳಲ್ಲ. ಹೊರಗಿದ್ರೆ ಸುದ್ದಿ.”

“ನೀರು ತಿರುಗಿದೆ ಕಣೋ! ಗೋಡೆ ಆಚೆ ಐಸು!”

ತುರೆಯ ಕೈ ನಿಂತಿತು. “ಬೋರ್ಡಲ್ಲಿ ಹದಿನೆಂಟು ಅಂತಿತ್ತಲ್ಲ?”

ಬೋದಿಲ್ ಅವನು ಕೆರೆಯುತ್ತಿದ್ದ ದೋಣಿಯ ಅಂಚು ಹಿಡಿದು ನೂಕತೊಡಗಿದಳು.

“ಮೋಟಾರು ಬಿಚ್ಚಿಟ್ಟಿದೀನಿ. ಆ ಚಿಕ್ಕ ದೋಣಿ ನೂಕು. ಆ ಎರಡು ಕೋಟೂ ಅದರೊಳಗೆ ಹಾಕು. ಫೋನ್ ಮಾಡು, ಬೇಗ!”

ರಕ್ಷಣಾ ದೋಣಿ ಬರಲು ಇಪ್ಪತ್ತೈದು ನಿಮಿಷ ಬೇಕೆಂದು ಫೋನಿನ ಹೆಂಗಸು ಹೇಳಿದಳು. ಗಾಳಿ ಬೆನ್ನಿಗಿದ್ದುದರಿಂದ ತುರೆಯ ದೋಣಿ ಓಡಿತು. ಬೋದಿಲ್ ಮುಂದೆ ಮಂಡಿಯೂರಿ ಕೂತು ನೀರನ್ನು ಹುಡುಕುತ್ತಿದ್ದಳು. ಚಳಿಗಾಲದಲ್ಲಿ ಹೊಸಬರಿಗೆ ಸಿಗ್ನೆ ಹೇಳುತ್ತಿದ್ದ ಮಾತು ತಲೆಯಲ್ಲಿ ತಿರುಗುತ್ತಿತ್ತು: ಹತ್ತು ನಿಮಿಷ ಕೈ ನಿನ್ನ ಮಾತು ಕೇಳುತ್ತೆ, ಆಮೇಲೆ ಅದು ಬೇರೆ ಯಾರದೋ ಕೈ. ಸಿಗ್ನೆ ನೀರಿಗಿಳಿದು ಎಷ್ಟು ಹೊತ್ತಾಗಿತ್ತು? ಐದು ನಿಮಿಷವೋ, ನಲವತ್ತೋ? ನಿಲುವಂಗಿ ಇನ್ನೂ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದ್ದರೆ ತಿಳಿಯುತ್ತಿತ್ತೇನೋ.

“ಅಲ್ಲಿ! ಅಲ್ಲಿ!”

ಅದು ಕಡಲಹಕ್ಕಿ. ಎದ್ದು ಹಾರಿಹೋಯಿತು.

“ಸುಮ್ನೆ ಕಿರುಚಬೇಡ. ಕಂಬ ನೋಡು, ಕಂಬ,” ಎಂದ ತುರೆ.

ಕಂಬದ ಬುಡದಲ್ಲಿ ಸಿಗ್ನೆ ಇದ್ದಳು. ಅದಕ್ಕೆ ಹೊಡೆದಿದ್ದ ದೋಣಿ ಕಟ್ಟುವ ಕಬ್ಬಿಣದ ಬಳೆಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಸಿಕ್ಕಿಸಿಕೊಂಡಿದ್ದಳು. ಬೆರಳು ಹಿಡಿಯುವುದಿಲ್ಲವೆಂದು ತಿಳಿದವರು ಮಾಡುವ ಕೆಲಸ ಅದು. ಮುಖ ಮೇಣದ ಬಣ್ಣ. ಕಣ್ಣು ತೆರೆದಿತ್ತು, ಆದರೆ ಇವರನ್ನು ನೋಡುತ್ತಿರಲಿಲ್ಲ. ತೋಳನ್ನು ಬಿಡಿಸಲು ಇಬ್ಬರೂ ಬೇಕಾಯಿತು. ಅವಳು ಒಂದಿಷ್ಟೂ ಸಹಕರಿಸಲಿಲ್ಲ. ಒದ್ದೆ ಮೂಟೆಯಂತೆ ದೋಣಿಯೊಳಗೆ ಬಿದ್ದಳು.

ಬೋದಿಲ್ ಅವಳ ಕೈ ಉಜ್ಜಲು ಹೋದಳು.

“ಉಜ್ಜಬೇಡ! ಕೂರಿಸ್ಲೂಬೇಡ. ಮಲಗಿಸಿ ಕೋಟು ಹೊದಿಸು. ನಡುಗ್ತಿದಾಳಾ?”

“ಇಲ್ಲ.”

ಚಳಿಯಲ್ಲಿ ನಡುಕವೂ ನಿಂತ ಮೈ ಸೋಲುತ್ತಿರುವ ಮೈ ಎಂದು ಇಬ್ಬರಿಗೂ ಗೊತ್ತಿತ್ತು. ತುರೆಯ ಹುಟ್ಟುಗಳು ನೀರಿಗೆ ಜೋರಾಗಿ ಬಿದ್ದವು. ಅವನು ಬೈದಿದ್ದರೆ ಬೋದಿಲ್ ಅಷ್ಟು ಹೆದರುತ್ತಿರಲಿಲ್ಲ.

ಈಗ ಗಾಳಿ ಎದುರಿಗಿತ್ತು. ತುರೆ ಎಳೆದಷ್ಟೂ ಹಳದಿ ಕಂಬ ಅಲ್ಲೇ ನಿಂತಿರುವ ಹಾಗೆ ಕಾಣುತ್ತಿತ್ತು. ಸಿಗ್ನೆಯ ರೆಪ್ಪೆ ಇಳಿಯತೊಡಗಿತು.

“ಮಾತಾಡ್ಸು ಅವಳನ್ನ,” ತುರೆ ಏದುಸಿರಿನ ನಡುವೆ ಹೇಳಿದ. “ಕಣ್ಣು ಮುಚ್ಚೋಕೆ ಬಿಡಬೇಡ.”

“ಸಿಗ್ನೆ! ನಾನು ಬೋದಿಲ್. ಸಿಗ್ನೆ, ನಿನ್ನ ತಮ್ಮ ಮನೇಲಿ ಕಾಯ್ತಿದಾನೆ. ಏಲಕ್ಕಿ ಬನ್ನು ಮಾಡಿದೀನಿ. ಸಿಗ್ನೆ!”

ರೆಪ್ಪೆ ಮುಚ್ಚಿತು. ಬೋದಿಲ್ ಆ ತಣ್ಣನೆಯ ಕಿವಿಗೆ ಬಾಯಿಟ್ಟಳು.

“ನಾನು ತುದಿಗೆ ಹೋಗ್ಲಿಲ್ಲ. ಮೆಟ್ಟಿಲ ಹತ್ರ ಅಳೆದೆ.”

ಹುಟ್ಟು ಒಂದು ಸಲ ನಿಂತಿತು. ಮತ್ತೆ ಶುರುವಾಯಿತು.

“ಕೇಳಿಸ್ತಾ? ಕೆಂಪು ಗಂಟು ಮುಳುಗಿಸ್ಲಿಲ್ಲ. ಮೂರು ನಿಮಿಷಾನೂ ಕಾಯ್ಲಿಲ್ಲ. ಶೂ ಒದ್ದೆಯಾಗುತ್ತೆ ಅಂತ! ಹೊಸ ಶೂ! ಬೈಯೇ ನನ್ನ. ಮೂವತ್ತು ವರ್ಷ ಬೈದಿದೀಯಲ್ಲ, ಈಗೇನು ಬಂತು ರೋಗ? ಬೈ!”

ರೆಪ್ಪೆ ಅಲುಗಿತು. ತುಟಿ ಏನನ್ನೋ ಹುಡುಕಿತು.

“ಪ... ಪಟ್ಟಣದ...”

“ಹೂಂ. ಪಟ್ಟಣದ ಏನು? ಪೂರ್ತಿ ಹೇಳು.”

ಮೂರು ಅಲೆ ದಾಟಿದವು.

“...ಕತ್ತೆ.”

ಆಮೇಲೆ ಅವಳ ದವಡೆ ಕಟಕಟ ಎನ್ನತೊಡಗಿತು. ನಡುಕ ಭುಜಕ್ಕಿಳಿಯಿತು, ಹೊಟ್ಟೆಗಿಳಿಯಿತು. ದೋಣಿಯ ಹಲಗೆಯೇ ಅದುರಿತು.

“ನಡುಗ್ಲಿ,” ಎಂದ ತುರೆ. ಅವನ ಕೆನ್ನೆ ಒದ್ದೆಯಾಗಿತ್ತು, ಬೆವರೋ, ನೀರೋ. “ನಡುಗ್ಲಿ ಬಿಡು ಮುದುಕಿ.”

ಅರ್ಧ ದಾರಿಯಲ್ಲಿ ಕಿತ್ತಳೆ ಬಣ್ಣದ ರಕ್ಷಣಾ ದೋಣಿ ಸಿಕ್ಕಿತು. ಅದರವರು ಸಿಗ್ನೆಯನ್ನು ಎತ್ತಿಕೊಂಡು ಹೋದರು. ಉಳಿಯುತ್ತಾಳಾ ಎಂದು ಬೋದಿಲ್ ಕೇಳಿದ್ದಕ್ಕೆ, “ಹೃದಯ ನೋಡ್ಬೇಕು, ಸಂಜೆವರೆಗೆ ಏನೂ ಹೇಳಕ್ಕಾಗಲ್ಲ” ಎಂದರು.

ದಡ ಮುಟ್ಟಿದ ಮೇಲೆ ತುರೆ ಆಡಿದ್ದು ಒಂದೇ ಮಾತು. “ಬೋರ್ಡು.”

ಅವಳು ತಲೆಯೆತ್ತಿದಳು. ಕಟ್ಟೆಯ ಮೇಲೆ ರಜೆಗೆ ಬಂದ ಒಬ್ಬ ಗಂಡಸು, ಅವನ ಇಬ್ಬರು ಹೆಣ್ಣುಮಕ್ಕಳು. ಬೋರ್ಡು ಓದಿ ಮುಗಿಸಿ ಮೂವರೂ ಕೈಹಿಡಿದು ಗೋಡೆಯ ತುದಿಗೆ ಓಡುತ್ತಿದ್ದರು.

“ನಿಲ್ಲಿ!” ಎಂಥ ಧ್ವನಿ ಹೊರಟಿತೋ, ಚಿಕ್ಕವಳು ಅಳಲು ಶುರುಮಾಡಿದಳು. ಮೂವರೂ ನಿಂತರು.

ಬೋದಿಲ್ ಒದ್ದೆ ತೋಳಿನಿಂದ ಹದಿನೆಂಟನ್ನು ಒರೆಸಿದಳು. ಥರ್ಮಾಮೀಟರ್ ಹಿಡಿದು ಅವರನ್ನು ದಾಟಿ ತುದಿಗೆ ಹೋದಳು. ಮಂಡಿಯೂರಿ ಕೂತು ಕೆಂಪು ಗಂಟು ಕಾಣದಾಗುವವರೆಗೆ ಹಗ್ಗ ಬಿಟ್ಟಳು. ಅಲೆಗಳು ತೊಡೆಗೆ ಹೊಡೆಯುತ್ತಿದ್ದವು. ನೂರ ಎಂಬತ್ತು ಎಣಿಸಿದಳು. ಏಳು ಡಿಗ್ರಿ.

ಬೋರ್ಡಿನಲ್ಲಿ ಏಳು ಎಂದು ಬರೆಯುವಷ್ಟರಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು.

“ಈಗ ತಾನೆ ಹದಿನೆಂಟಿತ್ತಲ್ರೀ,” ಎಂದ ಆ ಗಂಡಸು, ನಗುತ್ತಾ. “ನಿಮ್ಮ ಥರ್ಮಾಮೀಟರ್ ಕೆಟ್ಟಿರ್ಬೇಕು.”

“ಥರ್ಮಾಮೀಟರ್ ಸರಿಯಾಗೇ ಇದೆ,” ಎಂದಳು ಬೋದಿಲ್. ಸಿಗ್ನೆಯ ನಿಲುವಂಗಿ ಇನ್ನೂ ಬೆಂಚಿನ ಮೇಲಿತ್ತು. ಅದನ್ನು ಮುಟ್ಟಲು ಅವಳಿಗೆ ಧೈರ್ಯವಾಗಲಿಲ್ಲ.